ಹಸಿ ಬಾಣಂತಿಗೆ ಬಿಸಿನೀರು

ಬಿಸಿನೀರಿನ ಹಂಡೆ ಕಂಡರೆ ನನಗೆ ಹೆದರಿಕೆ. ಹಾವಿಗೆ ಹೆದರುವವರನ್ನು ನೋಡಿ ಯಾರೂ ನಗುವುದಿಲ್ಲ, ಹಂಡೆಗೆ ಹೆದರುತ್ತೇನೆ ಎಂದರೆ ನಗುತ್ತಾರೆ. ನಗಲಿ ಬಿಡಿ. ನಕ್ಕವರನ್ನೆಲ್ಲ ಜಗಳೂರಿನ ನಮ್ಮ ತವರುಮನೆಯ ಬಚ್ಚಲಿಗೆ ಕರೆದೊಯ್ದು, ನನ್ನ ಮೈಯನ್ನು ಅವರಿಗೆ ಕೊಟ್ಟು, ಬಾಗಿಲು ಹಾಕಿಕೊಂಡು ಬರಬೇಕು ಎಂದು ಎಷ್ಟೋ ಸಲ ಅನಿಸಿದೆ. ನನಗೆ ಸಿಟ್ಟು ಬೇಗ ಬರುತ್ತದೆ. ಕಾಯಿಲೆ ಬಂದ ಮೇಲೆ ಬಂದ ಸಿಟ್ಟಲ್ಲ ಇದು, ಮೊದಲಿಂದಲೂ ಇದ್ದದ್ದೇ.

ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ನ್ಯಾಮತಿಯ ನಮ್ಮ ಓಣಿಯಲ್ಲಿ ಈ ಹೆಸರಿಗೆ ಯಾರ ನಾಲಿಗೆಯೂ ಹೊರಳುವುದಿಲ್ಲ. "ನರದ ವೀಕ್ನೆಸ್ಸಂತೆ" ಎನ್ನುತ್ತಾರೆ, ಬಾದಾಮಿ ನೆನೆಹಾಕಿ ತಿನ್ನು ಎಂದು ಹೇಳಿ ಹೋಗುತ್ತಾರೆ. ದಾವಣಗೆರೆಯ ಡಾಕ್ಟರು ಚಿತ್ರ ಬರೆದು ವಿವರಿಸಿದಾಗ ನನಗಿಂತ ಮೊದಲು ಅರ್ಥವಾಗಿದ್ದು ನನ್ನ ಗಂಡನಿಗೆ. ನ್ಯಾಮತಿಯಲ್ಲಿ ಅವರದು ಪಂಪ್‌ಸೆಟ್ ಮೋಟರಿಗೆ ವೈಂಡಿಂಗ್ ಮಾಡುವ ಅಂಗಡಿ. "ಅಂದ್ರೆ ಒಳಗಿನ ವೈರ್ ಹಂಗೇ ಐತೆ, ಮ್ಯಾಲಿನ ಇನ್ಸುಲೇಷನ್ ಅಲ್ಲಲ್ಲಿ ಕಿತ್ತೈತೆ, ಅಲ್ವಾ ಸರ್" ಎಂದರು. ಡಾಕ್ಟರು ಹೌದೆಂದರು. ನಮ್ಮ ದೇಹವೇ ಆ ಹೊದಿಕೆಯನ್ನು ಪರಕೀಯ ಎಂದುಕೊಂಡು ತಿಂದು ಹಾಕುತ್ತದಂತೆ, ಯಾಕೆ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲವಂತೆ. ವಾಪಸು ಬರುವಾಗ ಬಸ್ಸಿನಲ್ಲಿ ಇವರು ನನ್ನ ಕೈ ಹಿಡಿದುಕೊಂಡೇ ಕೂತಿದ್ದರು.

ಆಗ ನಾನು ಹೊನ್ನಾಳಿಯ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಮೊದಲು ಹೋಗಿದ್ದು ಎಡಗಣ್ಣು. ಬೇಸಿಗೆಯ ಒಂದು ಮಧ್ಯಾಹ್ನ ತುಂಬಿದ ಬಸ್ಸಿನಲ್ಲಿ ನಿಂತಿದ್ದಾಗ ಆ ಕಣ್ಣಿನ ಮುಂದೆ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾಯಿತು. ಮರುವರ್ಷ ಬಲಗೈ. ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಸೀಮೆಸುಣ್ಣ ಕೈಯಿಂದ ಜಾರಿತು, ಎತ್ತಿಕೊಂಡೆ, ಮತ್ತೆ ಜಾರಿತು, ಮಕ್ಕಳು ನಕ್ಕವು. ಎರಡೂ ಸಲ ಆಸ್ಪತ್ರೆಯಲ್ಲಿ ಮಲಗಿ ಡ್ರಿಪ್ ಹಾಕಿಸಿಕೊಂಡೆ. ಎರಡೂ ಸಲ ಹೋಗಿದ್ದು ವಾಪಸು ಬಂತು. ಆದರೆ ಡಾಕ್ಟರು ಒಂದು ಮಾತು ಹೇಳಿ ಕಳಿಸಿದರು. ಮೈ ಬಿಸಿಯಾದಾಗಲೆಲ್ಲ ಹಳೆಯ ತೊಂದರೆಗಳು ತಿರುಗಿ ತಲೆ ಎತ್ತುತ್ತವೆ, ಬಿಸಿಲಿರಲಿ, ಜ್ವರವಿರಲಿ, ಒಲೆಯ ಮುಂದಿರಲಿ. ಹೆದರಬೇಡಿ, ತಣ್ಣಗಾದರೆ ಹೋಗುತ್ತವೆ. ತಣ್ಣಗಾದ ಮೇಲೂ ಹೋಗದೆ ಒಂದು ದಿನ ದಾಟಿತೋ, ಅದು ಬಿಸಿಯದ್ದಲ್ಲ, ಹೊಸ ಅಟ್ಯಾಕು. ತಡಮಾಡದೆ ಬನ್ನಿ.

ಹೆದರಬೇಡಿ ಎನ್ನುವುದು ಅವರಿಗೆ ಸುಲಭ. ರೊಟ್ಟಿ ಸುಡುವಾಗ ಕಣ್ಣು ಮಬ್ಬಾಗುತ್ತದೆ. ಒಲೆ ಆರಿಸಿ, ಫ್ಯಾನಿನ ಕೆಳಗೆ ಒದ್ದೆ ಟವೆಲು ಹಾಕಿಕೊಂಡು ಕೂರಬೇಕು. ಇದು ಹೋಗುವುದೋ, ಉಳಿಯುವುದೋ? ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ನೋಡುತ್ತ ಕೂರುತ್ತೇನೆ, ಅವು ಸ್ಪಷ್ಟವಾಗುವವರೆಗೂ ಏಳುವುದಿಲ್ಲ. ನೂರು ಸಲ ಹೋಗಿದೆ ಎಂದು ನೂರೊಂದನೇ ಸಲದ ಹೆದರಿಕೆ ಕಡಿಮೆಯಾಗುವುದಿಲ್ಲ. ಬಿಸಿಲಲ್ಲಿ ಬಸ್ಸಿಗೆ ನಿಲ್ಲಲಾರದೆ ಕೆಲಸ ಬಿಟ್ಟೆ.

ಬಸುರಿಯಾದಾಗ ಮೈ ಎಷ್ಟು ಹಗುರಾಯಿತೆಂದರೆ ಕಾಯಿಲೆಯೇ ಹೋಯಿತೇನೋ ಅಂದುಕೊಂಡೆ. ಬಸುರಿನಲ್ಲಿ ಇದು ಸಾಮಾನ್ಯವಾಗಿ ಸುಮ್ಮನಿರುತ್ತದೆ, ಹೆರಿಗೆಯಾದ ಮೇಲಿನ ತಿಂಗಳುಗಳಲ್ಲೇ ಜೋಪಾನ ಎಂದಿದ್ದರು ಡಾಕ್ಟರು. ಆ ಒಂಬತ್ತು ತಿಂಗಳೂ ನಾನು ಕೇಳಿಕೊಂಡಿದ್ದು ಒಂದನ್ನೇ. ನನ್ನ ಕೂಸನ್ನು ನಾನೇ ಎತ್ತಿಕೊಳ್ಳಬೇಕು. ಪಕ್ಕದಲ್ಲಿ ಇನ್ನೊಬ್ಬರು ಎರಡೂ ಕೈ ಚಾಚಿಕೊಂಡು, ಈಗ ಬೀಳಿಸುತ್ತಾಳೆ ಆಗ ಬೀಳಿಸುತ್ತಾಳೆ ಎಂದು ನಿಂತಿರಬಾರದು. ಉಳಿದವರು ಗಂಡು ಬೇಕು ಹೆಣ್ಣು ಬೇಕು ಎಂದು ಹರಕೆ ಹೊರುತ್ತಾರೆ. ನಾನು ನನ್ನ ಬಲಗೈಗಾಗಿ ಹರಕೆ ಹೊತ್ತಿದ್ದೆ.

ಚೊಚ್ಚಲ ಬಾಣಂತನ ತವರಿನದು. ಇವರು ನ್ಯಾಮತಿಯಲ್ಲೇ ಇರು, ಅಲ್ಲಿಗಿಂತ ಇಲ್ಲಿ ಸ್ವಲ್ಪವಾದರೂ ತಂಪು ಎಂದರು. ಅವ್ವ ಒಪ್ಪಲಿಲ್ಲ. "ಮಗಳ ಬಾಣಂತನ ಮಾಡಾಕೆ ಯೋಗ್ಯತೆ ಇಲ್ದೋಳು ಅಂತ ಜನ ನನ್ನ ಆಡ್ಕೊಳ್ಳಲೇನು?" ಎಂದಳು. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ ಎನ್ನುತ್ತಾರಲ್ಲ, ನನ್ನ ಮಗಳು ಹುಟ್ಟಿದ್ದು ಅದು ಹೋದ ಮೇಲೆ. ದಾವಣಗೆರೆಯಲ್ಲಿ ಹೆರಿಗೆ ಮುಗಿಸಿಕೊಂಡು ಕಾರಿನಲ್ಲಿ ಜಗಳೂರಿಗೆ ಹೋಗುವಾಗ ರಸ್ತೆಯ ಎರಡೂ ಕಡೆ ಮೆಕ್ಕೆಜೋಳ ಕೊಯ್ದ ಬಯಲು ಬೆಳ್ಳಗೆ ಉರಿಯುತ್ತಿತ್ತು. ಮಡಿಲಲ್ಲಿ ಕೂಸಿತ್ತು. ಅದನ್ನು ಹಿಡಿದದ್ದು ನನ್ನ ಬಲಗೈ. ಅವತ್ತು ನನಗೆ ಯಾವ ಬಿಸಿಲೂ ಲೆಕ್ಕಕ್ಕೆ ಬರಲಿಲ್ಲ.

ತವರಿನಲ್ಲಿ ಇದ್ದದ್ದು ಅವ್ವ ಮತ್ತು ತಮ್ಮ. ತಮ್ಮ ಬೆಳಿಗ್ಗೆ ಮೊಬೈಲ್ ಅಂಗಡಿಗೆ ಹೋದರೆ ಬರುವುದು ಸಂಜೆಗೆ. ನಾನು ಜಗಳೂರಿಗೆ ಹೋಗುವ ಮುಂಚೆಯೇ ಡಾಕ್ಟರ ಹತ್ತಿರ ಅವ್ವನಿಗೆ ಫೋನಿನಲ್ಲಿ ಹೇಳಿಸಿದ್ದೆ. ಬಾಣಂತಿಯ ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು, ಕೆಂಡ ಕಾಸುವುದು ಬೇಡವೇ ಬೇಡ ಎಂದು ಅವರು ಬಿಡಿಸಿ ಹೇಳಿದ್ದರು. "ಆಗ್ಲಿ ಸರ್, ನೀವು ಹೇಳಿದಂಗೆ ಸರ್" ಎಂದು ಅವ್ವ ಸೆರಗು ಹೊದ್ದುಕೊಂಡೇ ಫೋನಿನಲ್ಲಿ ಮಾತಾಡಿದ್ದಳಂತೆ, ತಮ್ಮ ಹೇಳಿದ್ದ. ಜಗಳೂರು ಮುಟ್ಟಿದ ಮೇಲೆ ನೋಡಿದರೆ ಬಚ್ಚಲಲ್ಲಿ ದೊಡ್ಡ ತಾಮ್ರದ ಹಂಡೆ ಹುಣಸೆಹುಳಿ ಹಾಕಿ ತಿಕ್ಕಿಸಿಕೊಂಡು ಹೊಳೆಯುತ್ತಿತ್ತು. ಹಿತ್ತಲಲ್ಲಿ ಸೌದೆ ಒಟ್ಟಿತ್ತು. ಕೋಣೆಯ ಕಿಟಕಿಗೆ ಹಳೆಯ ಜಮಖಾನ ಬಡಿದಿದ್ದರು.

"ಡಾಕ್ಟ್ರು ಏನಂದ್ರು, ನೀನು ಏನು ಮಾಡ್ತಿದೀಯಾ?" ಎಂದು ಕೂಸನ್ನು ಇಳಿಸುವ ಮೊದಲೇ ಜಗಳ ತೆಗೆದೆ.

"ಅವ್ರು ಗಂಡ್ಸು. ಕಣ್ಣು ನೋಡ್ತಾರೆ, ತಲೆ ನೋಡ್ತಾರೆ, ಹೂಂ ಅಂತೀನಿ. ಬಾಣಂತನದಾಗ ಅವ್ರಿಗೇನು ಗೊತ್ತೈತೆ?" ಅವ್ವ ಅಡುಗೆಮನೆಯಿಂದಲೇ ಹೇಳಿದಳು. "ನಿನ್ನ ನರ ಮೊದ್ಲೇ ಸೋತಾವು. ಸೋತ ನರಕ್ಕೆ ಶಾಖ ಕೊಡದೆ ಇನ್ನೇನು ಕೊಡ್ತಾರೆ? ಬ್ಯಾರೇ ಬಾಣಂತೇರಿಗೆ ಒಂದು ಹಂಡೆ ಆದ್ರೆ ನಿನಗೆ ಎಲ್ಡು ಹಂಡೆ ಹಾಕಬೇಕು."

ಇದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಕಡೆ ಬಾಣಂತಿಯೆಂದರೆ ಹಸಿ ಮೈ. ಹಸಿ ಮೈಗೆ ಗಾಳಿ ಸೋಕಿದರೆ ಥಂಡಿ, ಥಂಡಿ ಏರಿದರೆ ಸನ್ನಿ, ಗುರುತು ತಪ್ಪಿ ಬಡಬಡಿಸುವುದು. ಅದಕ್ಕೇ ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಬೆಳ್ಳುಳ್ಳಿ ಮೆಣಸಿನ ಊಟ, ಕೈ ಇಟ್ಟರೆ ಸುಡುವ ನೀರು, ನೀರಾದ ಮೇಲೆ ಹೊರಸಿನ ಕೆಳಗೆ ಕೆಂಡ. ನೂರಾರು ಹೆಂಗಸರನ್ನು ಹೀಗೇ ಎದ್ದು ಕೂರಿಸಿದ ಜನ ಇವರು. ನನ್ನ ಕಾಯಿಲೆ ಆ ಲೆಕ್ಕದೊಳಗೆ ಬರುವುದಿಲ್ಲ ಎಂದು ಎಷ್ಟು ಒದರಿದರೂ, ಅವ್ವ ಅದನ್ನೂ ತನ್ನ ಲೆಕ್ಕದೊಳಗೇ ಸೇರಿಸಿಕೊಂಡು ಇನ್ನಷ್ಟು ಸೌದೆ ಇಟ್ಟಳು. ಪ್ರೀತಿಗೆ ಎದುರು ಜಗಳ ಆಡುವುದು ಕಷ್ಟ. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ನಾನು ಅಡ್ಡದಾರಿ ಹಿಡಿದೆ. ಬಾಣಂತಿಗೂ ಕೂಸಿಗೂ ನೀರು ಹಾಕಲು ಕೆಳಗಿನ ಓಣಿಯಿಂದ ಒಬ್ಬ ಅಜ್ಜಿ ಬರುತ್ತಿದ್ದಳು. ಬಚ್ಚಲಿನ ಬಾಗಿಲು ಹಾಕಿದ ಮೇಲೆ ಅವಳ ಕೈ ಹಿಡಿದುಕೊಂಡು, ಸುಡುವ ನೀರು ಹಾಕಿದರೆ ನನ್ನ ಕಣ್ಣು ಹೋಗುತ್ತದೆ, ನಲ್ಲಿ ಬಿಟ್ಟು ತಣ್ಣೀರು ಬೆರೆಸು ಎಂದೆ.

"ನನಗೇನವ್ವ, ನೀನು ಹೆಂಗಂದ್ರೆ ಹಂಗೆ" ಎಂದಳು ಅಜ್ಜಿ. "ನಿಮ್ಮವ್ವ ಕೇಳಿದ್ರೆ ಮಾತ್ರ ನನ್ನ ಹೆಸರು ಎತ್ತಬ್ಯಾಡ ನೋಡು."

ಹೀಗೆ ಕೆಲವು ದಿನ ನಡೆಯಿತು. ಒಳಗೆ ನಾನು ಬೆಚ್ಚಗಿನ ನೀರಲ್ಲಿ ಕೂತು ಸುಮ್ಮನೆ "ಹಾ, ಸುಡ್ತು" ಎನ್ನುತ್ತಿದ್ದೆ, ಅಜ್ಜಿ ಚೆಂಬು ಬಡಿದು ಸದ್ದು ಮಾಡುತ್ತಿದ್ದಳು. ಹೊರಸಿನ ಕೆಳಗೆ ಇಟ್ಟ ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದಳು. ಹಾಲು ಕುಡಿಸುವಾಗ ಕೂಸು ನನ್ನ ಬಲಗೈ ಮೇಲೆ ತಲೆ ಇಟ್ಟಿರುತ್ತಿತ್ತು. ಆ ಕೈಯ ಒಂದೊಂದೇ ಬೆರಳು ಮಡಿಸಿ ಬಿಚ್ಚಿ ನೋಡಿಕೊಳ್ಳುತ್ತಿದ್ದೆ. ಎಲ್ಲ ಸರಿಯಾಗಿತ್ತು. ಸರಿಯಾಗಿದೆಯಲ್ಲ ಎಂದೇ ಭಯವಾಗುತ್ತಿತ್ತು.

ಒಂದು ಬೆಳಿಗ್ಗೆ ಕೂಸು ಸೀನಿತು. ಮೂಗು ಕಟ್ಟಿಕೊಂಡು ಹಾಲು ಕುಡಿಯಲಾರದೆ ಕಿರಿಕಿರಿ ಮಾಡಿತು. ನಮ್ಮವರ ಪ್ರಕಾರ ಕೂಸಿಗೆ ನೆಗಡಿ ಬಂತೆಂದರೆ ತಾಯಿಯ ಮೈ ತಣ್ಣಗಾಗಿದೆ ಎಂದೇ ಅರ್ಥ. ತಾಯಿ ತಣ್ಣಗಾದರೆ ಹಾಲೂ ಥಂಡಿಯಾಗುತ್ತದೆ. ಅವ್ವ ಹಿತ್ತಲಿಗೆ ಹೋಗಿ, ನಾನು ನೀರಿಗೆ ಕೂತಾಗ ಬಚ್ಚಲಿನ ಗವಾಕ್ಷಿಯನ್ನೇ ನೋಡುತ್ತ ನಿಂತಳಂತೆ. ಅಲ್ಲಿಂದ ಹಬೆ ಬರುತ್ತಿರಲಿಲ್ಲ. ಅಷ್ಟು ಸಾಕಾಯಿತು.

ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. ಅಜ್ಜಿಗೆ ನಾಳೆಯಿಂದ ಕೂಸಿಗಷ್ಟೇ ನೀರು ಹಾಕು ಎಂದು ಹೇಳಿ ಕಳಿಸಿ, ನನ್ನ ಹೊರಸಿನ ಅಂಚಿಗೆ ಬಂದು ಕೂತಳು. ಅವಳ ತಂಗಿಯ ಮಾತು ತೆಗೆದಳು. ಆ ಚಿಕ್ಕವ್ವನನ್ನು ನಾನು ನೋಡಿಲ್ಲ, ನಾನು ಹುಟ್ಟುವ ಮೊದಲೇ ತೀರಿಕೊಂಡವಳು. ಚನ್ನಗಿರಿ ಕಡೆ ತ್ಯಾವಣಿಗೆಗೆ ಕೊಟ್ಟಿದ್ದರು ಎನ್ನುವುದಷ್ಟೇ ಗೊತ್ತಿತ್ತು.

"ಅವಳ ಬಾಣಂತನದಾಗ ನಮ್ಮವ್ವ ಹಾಸಿಗೆ ಹಿಡಿದಿದ್ಲು, ಇಲ್ಲಿಗೆ ಕರ್ಕೊಂಡು ಬರಾಕೆ ಆಗಲಿಲ್ಲ" ಎಂದಳು ಅವ್ವ. "ಆ ಮನ್ಯಾಗೆ ಅಡಿಕೆ ಸುಲಿಯೋ ಗದ್ದಲ. ಇವಳಿಗೆ ನೀರು ಕಾಸಿ ಕೊಡೋರು ಯಾರೂ ಇಲ್ಲ. ಹಸಿ ಬಾಣಂತಿ, ತಣ್ಣೀರಾಗೆ ಬಟ್ಟೆ ಒಗೆದ್ಲಂತೆ. ನಾನು ಹೋಗೋ ಹೊತ್ತಿಗೆ ಮೈ ನಡುಗ್ತಿತ್ತು, ಏನೇನೋ ಮಾತಾಡ್ತಿದ್ಲು. ನನ್ನ ಮಾರಿ ನೋಡಿ, ಯಾರು ನೀನು ಅಂದ್ಲು. ಕೂಡಿ ಬೆಳೆದೋಳು ಕಣೆ ನಾನು. ಯಾರು ನೀನು ಅಂದ್ಲು. ಅವಳು ಹೋದ್ಲು, ಹಿಂದೇ ಕೂಸೂ ಹೋತು."

ಈಗಿನವರು ಅದಕ್ಕೆ ಸೋಂಕು ಎಂದು ಹೆಸರಿಡುತ್ತಾರೆ, ಮಾತ್ರೆ ಕೊಟ್ಟಿದ್ದರೆ ಉಳಿಯುತ್ತಿದ್ದಳು ಎನ್ನುತ್ತಾರೆ. ಇದು ನನ್ನ ಬಾಯಿಗೆ ಬಂತು, ಆದರೆ ಅವ್ವನ ಮುಖ ನೋಡಿ ನುಂಗಿಕೊಂಡೆ. ಅವಳು ಹಟಕ್ಕೆ ಹಂಡೆ ಇಡುತ್ತಿರಲಿಲ್ಲ, ಹೆದರಿಕೆಗೆ ಇಡುತ್ತಿದ್ದಳು. ನನ್ನ ಹೆದರಿಕೆಯಷ್ಟೇ ದೊಡ್ಡ ಹೆದರಿಕೆ ಅದು, ನನ್ನದಕ್ಕಿಂತ ಹಳೆಯದು. ಪಕ್ಕದಲ್ಲಿ ಕೂಸು ಮೂಗು ಕಟ್ಟಿಕೊಂಡು ಗೊರಗೊರ ಎನ್ನುತ್ತಿತ್ತು. ಡಾಕ್ಟರು ಹೇಳಿದ್ದೆಲ್ಲ ನನಗೆ ಗೊತ್ತು, ಓದಿದವಳು ನಾನು. ಆದರೂ ಆ ಸದ್ದು ಕೇಳುತ್ತ ಕೇಳುತ್ತ, ಅಕಸ್ಮಾತ್ ಅವ್ವ ಹೇಳುವುದೇ ನಿಜವಾಗಿದ್ದರೆ ಎಂಬ ಯೋಚನೆ ಹೊಕ್ಕಿತು. ನನ್ನ ಕಣ್ಣು ಉಳಿಸಿಕೊಳ್ಳಲು ಹೋಗಿ ಕೂಸಿಗೆ ಏನಾದರೂ ಆದರೆ? ಒಂದು ಸಲ ಮಾತ್ರ, ನೋಡೋಣ ಎಂದೆ. ಅವ್ವ ನನ್ನ ತಲೆ ಸವರಿ ಎದ್ದು ಹೋದಳು.

ಮರುದಿನ ಅವ್ವನೇ ನೀರು ಹಾಕಿದಳು. ಎಣ್ಣೆ ತಿಕ್ಕಿ, ಅರಿಶಿನ ಹಚ್ಚಿ, ಇನ್ನೇನು ಕುದಿಯಬೇಕು ಎನ್ನುವಂಥ ನೀರನ್ನು ಚೆಂಬಿನಲ್ಲಿ ಮೊಗೆದು ಸೊಂಟಕ್ಕೆ, ಬೆನ್ನಿಗೆ ರಪ್ಪನೆ ಹೊಡೆದಳು. ಮೈಯೆಲ್ಲ ಕೆಂಪಾಯಿತು. ಮೊದಮೊದಲು ಹಿತವಾಗಿತ್ತೆಂದೇ ಹೇಳಬೇಕು. ಆಮೇಲೆ ಎಡಗಣ್ಣು ಬೆಳ್ಳಗಾಗತೊಡಗಿತು.

"ಅವ್ವ, ಕಣ್ಣು ಮಬ್ಬಾತು."

"ಹಬೆ ಕಣೆ ಅದು. ಬಚ್ಚಲಾಗ ನನಗೂ ಏನೂ ಕಾಣ್ತಿಲ್ಲ."

ಅದು ಹಬೆಯಲ್ಲ ಎಂದು ಹೇಳುವಷ್ಟೂ ಉಸಿರು ನನ್ನಲ್ಲಿ ಉಳಿದಿರಲಿಲ್ಲ. ಅವ್ವನ ಹೆಗಲು ಹಿಡಿದು ಕೋಣೆಗೆ ಬಂದೆ. ಬಲಗಾಲು ನೆಲದ ಮೇಲೆ ಎಳೆದುಕೊಂಡು ಬಂತು. ಒರೆಸಿ, ತಲೆಗೆ ಬಟ್ಟೆ ಬಿಗಿದು, ಎಡಮಗ್ಗುಲಾಗಿ ಮಲಗಿಸಿ ಎರಡು ರಗ್ಗು ಹೊದಿಸಿದಳು. ಹೊರಸಿನ ಕೆಳಗೆ ಕೆಂಡದ ಬಾಣಲೆ ತಳ್ಳಿ ಸಾಂಬ್ರಾಣಿ ಉದುರಿಸಿದಳು. ಕೂಸನ್ನು ತಂದು ಎದೆಯ ಹತ್ತಿರ ಇಟ್ಟು ಹಾಲಿಗೆ ಹಚ್ಚಿದಳು. "ಬೆವರು ಇಳೀಲಿ, ಅಲ್ಲಾಡಬ್ಯಾಡ" ಎಂದು ಬಾಗಿಲು ಎಳೆದುಕೊಂಡು ಬಚ್ಚಲು ತೊಳೆಯಲು ಹೋದಳು.

ಕೂಸು ಹಾಲು ಕುಡಿಯುತ್ತಿತ್ತು. ನನ್ನ ಎರಡೂ ಕಣ್ಣಿನ ಮುಂದೆ ಹೊಗೆ, ಎಡಗಣ್ಣಿನ ಮುಂದೆ ಹೊಗೆಯ ಹಿಂದೆ ಇನ್ನೊಂದು ಬಿಳುಪು. ರಗ್ಗು ಜಾರಿ ಕೂಸಿನ ತಲೆಯ ಮೇಲೆ ಬಿತ್ತು. ತೆಗೆಯೋಣ ಎಂದು ಬಲಗೈ ಎತ್ತಿದೆ. ಎತ್ತಿದೆ ಎಂದುಕೊಂಡೆ ಅಷ್ಟೆ, ಕೈ ಸೊಂಟದ ಮೇಲೆ ಹಾಗೇ ಬಿದ್ದಿತ್ತು. ಎಡಗೈ ನನ್ನ ಮೈಯ ಕೆಳಗೆ ಸಿಕ್ಕಿಕೊಂಡಿತ್ತು. ಹೊರಳಬೇಕೆಂದರೆ ಕಾಲಿನಲ್ಲಿ ಬಲವಿಲ್ಲ. ರಗ್ಗಿನ ಭಾರಕ್ಕೆ ಕೂಸಿನ ಮುಖ ನನ್ನ ಎದೆಗೆ ಒತ್ತಿಕೊಂಡಿತು. ಮೂಗು ಕಟ್ಟಿದ ಕೂಸು ಅದು. ಚಪ್ಪರಿಸುವ ಸದ್ದು ನಿಂತಿತು. ಪುಟ್ಟ ಕಾಲು ನನ್ನ ಹೊಟ್ಟೆಗೆ ಒದೆಯತೊಡಗಿತು.

ಅವ್ವಾ ಎಂದು ಕೂಗಿದೆ. ನಾಲಿಗೆ ದಪ್ಪಗಾಗಿ ಮಾತು ಬಾಯೊಳಗೇ ಕಲಸಿಹೋಯಿತು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು, ಪೊರಕೆಯ ಸದ್ದು. ಮತ್ತೆ ಕೂಗಿದೆ. ಕಾಲು ಒದೆಯುತ್ತಲೇ ಇತ್ತು. ಜೀವಮಾನದಲ್ಲಿ ನನಗೆ ಆಗಿರುವ ಹೆದರಿಕೆಗಳನ್ನೆಲ್ಲ ಒಟ್ಟು ಮಾಡಿದರೂ ಆ ಒಂದು ಗಳಿಗೆಗೆ ಸಮ ಬರುವುದಿಲ್ಲ. ನನ್ನ ಕೂಸು ನನ್ನ ಎದೆಯಲ್ಲೇ ಉಸಿರು ಕಟ್ಟಿ ಸಾಯುತ್ತಿದೆ, ನಾನು ನೋಡುತ್ತ ಮಲಗಿದ್ದೇನೆ. ಕುತ್ತಿಗೆ ಮಾತ್ರ ಆಡುತ್ತಿತ್ತು. ಬಗ್ಗಿ ರಗ್ಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಎಳೆದೆ. ಒಂದಿಷ್ಟು ಸರಿಯಿತು. ಇನ್ನೊಮ್ಮೆ ಎಳೆದೆ. ಭುಜವನ್ನು ಹಿಂದಕ್ಕೆ ಎಸೆದು ಎಸೆದು ಹೇಗೋ ಅಂಗಾತ ಬಿದ್ದೆ. ಎದೆ ಕೂಸಿನ ಮುಖದಿಂದ ಬಿಡಿಸಿಕೊಂಡಿತು. ಏನೂ ಸದ್ದಿಲ್ಲ. ಆಮೇಲೆ ಒಂದು ಕೆಮ್ಮು, ಆಮೇಲೆ ಕಿಟಾರನೆ ಅಳು.

ಆ ಅಳು ಕೇಳಿ ಅವ್ವ ಓಡಿ ಬಂದಳು. ಕೂಸನ್ನು ಎತ್ತಿಕೊಂಡು, ನನ್ನನ್ನು ನೋಡಿದಳು. ನನ್ನ ಬಲಗೈ ಹಿಡಿದು ಎತ್ತಿ ಬಿಟ್ಟಳು, ಅದು ಧೊಪ್ಪನೆ ಬಿತ್ತು. "ಕೈ... ಬರ್ತಿಲ್ಲ" ಎಂದೆ. ತೊದಲಿದ ಆ ಮಾತು ಅವ್ವನ ಕಿವಿಗೆ ಬಿದ್ದ ಕೂಡಲೇ ಅವಳ ಮುಖದ ಬಣ್ಣ ಹೋಯಿತು. ತಂಗಿಯ ಕಡೆಯ ದಿನ ಅವಳು ಕೇಳಿದ್ದು ಅಂಥ ಮಾತನ್ನೇ. ಕೂಸನ್ನು ತೊಟ್ಟಿಲಿಗೆ ಹಾಕಿ ಹೊರಗೆ ಓಡಿದಳು. ಬರುವಾಗ ಅವಳ ಕೈಯಲ್ಲಿ ಒಲೆಯಿಂದ ಆಗಷ್ಟೇ ತುಂಬಿಕೊಂಡ ಇನ್ನೊಂದು ಬಾಣಲೆ ಕೆಂಡವಿತ್ತು. ಸನ್ನಿಗೆ ಅವಳಿಗೆ ಗೊತ್ತಿದ್ದ ಮದ್ದು ಅದೊಂದೇ.

"ಬ್ಯಾಡವ್ವ. ತಣ್ಣೀರು."

"ತಣ್ಣೀರು ಹಾಕಿದ್ರೆ ಸಾಯ್ತೀಯ" ಎಂದಳು. ಬಾಣಲೆ ಓರೆಯಾಗಿ ಒಂದೆರಡು ಕೆಂಡ ನೆಲಕ್ಕೆ ಬಿದ್ದವು.

ಇಲ್ಲಿ ಡಾಕ್ಟರ ಮಾತು ಹೇಳಿ ಉಪಯೋಗವಿಲ್ಲ ಎಂದು ಹೇಗೋ ನನಗೆ ಹೊಳೆಯಿತು. ನಾಲಿಗೆಯನ್ನು ಎಳೆದೆಳೆದು ಒಂದೊಂದೇ ಪದ ಹೊರಡಿಸಿದೆ. "ನನಗೆ ಸನ್ನಿ ಅಲ್ಲ. ನಿನ್ನ ಗುರುತು ಹಿಡೀತೀನಿ. ನೀನು ನನ್ನವ್ವ. ಅದು ನನ್ನ ಕೂಸು. ನನಗೆ ಎಲ್ಲಾ ಗೊತ್ತಾಗ್ತೈತೆ. ತಣ್ಣೀರು ತಗಂಬಾ."

ಅವ್ವ ನನ್ನ ಕಣ್ಣನ್ನೇ ನೋಡಿದಳು. "ನಾನು ಯಾರು?" ಎಂದಳು.

"ನನ್ನವ್ವ."

ಬಾಣಲೆಯನ್ನು ಅಂಗಳಕ್ಕೆ ಎಸೆದ ಸದ್ದು ಕೇಳಿತು. ಹೊರಸಿನ ಕೆಳಗಿನ ಬಾಣಲೆಯನ್ನೂ ಎಳೆದುಕೊಂಡು ಹೋದಳು. ಕಿಟಕಿಯ ಜಮಖಾನ ಕಿತ್ತಳು. ಕುಡಿಯುವ ನೀರಿನ ಮಣ್ಣಿನ ಕೊಡವನ್ನು ಹಾಗೇ ಎತ್ತಿ ತಂದು ನನ್ನ ಪಾದಕ್ಕೆ ಒಂದು ಚೆಂಬು ಸುರಿದಳು. ಸುರಿದು ನಿಂತು ನೋಡಿದಳು, ನಾನು ಸಾಯುತ್ತೇನೋ ಎಂದು. ಮತ್ತೆ ಒಂದು ಚೆಂಬು. ಆಮೇಲೆ ತನ್ನ ಸೆರಗನ್ನೇ ಕೊಡದಲ್ಲಿ ಅದ್ದಿ ನನ್ನ ಕುತ್ತಿಗೆ, ಕಂಕುಳು, ನೆತ್ತಿ ಒರೆಸಿದಳು. "ಶಿವನೇ, ನನ್ನ ಕೈಯಾರೆ ಮಾಡ್ತಿದೀನಿ, ಶಿವನೇ" ಎಂದು ಎಡೆಬಿಡದೆ ಅನ್ನುತ್ತಿದ್ದಳು. ಹಸಿ ಬಾಣಂತಿಯ ನೆತ್ತಿಗೆ ತಣ್ಣೀರು ಇಡುವುದೆಂದರೆ ಅವಳ ಲೆಕ್ಕದಲ್ಲಿ ಮಗಳನ್ನು ಕೊಲ್ಲುವುದು. ಹಾಗಂದುಕೊಂಡೇ, ನಾನು ಕೇಳಿದೆ ಎಂಬ ಒಂದೇ ಕಾರಣಕ್ಕೆ, ಅವಳು ಅದನ್ನು ಮಾಡಿದಳು.

ಮೊದಲು ನಾಲಿಗೆ ಸರಿಯಾಯಿತು. ಸ್ವಲ್ಪ ಹೊತ್ತಿಗೆ ಕಾಲು ಮಡಿಸಲು ಬಂತು. ಸಂಜೆ ತಮ್ಮ ಬರುವ ಹೊತ್ತಿಗೆ ಎಡಗಣ್ಣಿಗೆ ಬಾಗಿಲಿನ ಚೌಕಟ್ಟು ನೆಟ್ಟಗೆ ಕಂಡಿತು. ಬಲಗೈ ಮಾತ್ರ ಭುಜದಿಂದ ಒಂದಿಷ್ಟು ಎದ್ದು ಮತ್ತೆ ಇಳಿಯುತ್ತಿತ್ತು. ಬರುತ್ತದೆ, ಎಲ್ಲಕ್ಕಿಂತ ಕಡೆಗೆ ಬರುತ್ತದೆ ಎಂದು ಅವ್ವನಿಗೆ ಹೇಳಿದೆ. ನಾನೂ ಅದನ್ನು ನಂಬಿಕೊಂಡು ಮಲಗಿದೆ. ಬೆಳಗಾಗಿ ಎದ್ದು, ಕಣ್ಣು ಬಿಡುವ ಮೊದಲೇ ಬೆರಳು ಮಡಿಸಿ ನೋಡಿದೆ. ಹೆಬ್ಬೆರಳೊಂದು ಅಲ್ಲಾಡಿತು. ಡಾಕ್ಟರು ಹೇಳಿದ ಒಂದು ದಿನ ದಾಟಿತು, ಕೈ ಬರಲಿಲ್ಲ.

ದಾವಣಗೆರೆಗೆ ಹೋದೆವು. ನ್ಯಾಮತಿಯಿಂದ ಇವರು ಬಂದು ಸೇರಿಕೊಂಡರು. ಸ್ಕ್ಯಾನ್ ಮಾಡಿ, ನರದ ಹೊದಿಕೆಯ ಮೇಲೆ ಹೊಸ ಗಾಯ ಕಾಣುತ್ತಿದೆ ಎಂದರು. ಮತ್ತೆ ಡ್ರಿಪ್ ಹಾಕಿದರು. ಡ್ರಿಪ್ ಆದ ಮೇಲೆ ಕೆಲವು ಗಂಟೆ ಹಾಲು ಕುಡಿಸಬಾರದು ಎಂದಿದ್ದರಿಂದ ಅವ್ವ ಕೂಸನ್ನು ಎತ್ತಿಕೊಂಡು ಕಾರಿಡಾರಿನಲ್ಲಿ ತಿರುಗುತ್ತಿದ್ದಳು. ಅದು ಹಸಿದು ಅಳುವುದು ಒಳಗೆ ಕೇಳುತ್ತಿತ್ತು. ಡಾಕ್ಟರು ಅವ್ವನನ್ನು ಕರೆದು ಕೂರಿಸಿಕೊಂಡು ಹೇಳಿದರು, "ನೋಡಿ ಅಮ್ಮ, ಬಿಸಿನೀರಿನಿಂದ ಹೊಸ ಗಾಯ ಆಗುವುದಿಲ್ಲ. ಬಿಸಿಗೆ ಹಳೆಯದು ತೋರಿಸಿಕೊಳ್ಳುತ್ತದೆ ಅಷ್ಟೆ. ಹೆರಿಗೆಯಾದ ಮೇಲೆ ಹೀಗೆ ಅಟ್ಯಾಕ್ ಬರುವುದುಂಟು. ಇದು ಒಳಗೆ ಶುರುವಾಗಿಬಿಟ್ಟಿತ್ತು. ನೀವು ಮಾಡಿದ್ದಲ್ಲ."

"ಆಗ್ಲಿ ಸರ್, ನೀವು ಹೇಳಿದಂಗೆ ಸರ್" ಎಂದಳು ಅವ್ವ.

ಅವಳು ಒಂದಕ್ಷರವನ್ನೂ ನಂಬಲಿಲ್ಲ. ಆವತ್ತಿನಿಂದ ಅವ್ವ ತಾನು ಬಿಸಿನೀರು ಮೈಗೆ ಹಾಕಿಕೊಂಡಿಲ್ಲ ಎಂದು ತಮ್ಮ ಹೇಳುತ್ತಾನೆ. ಮಂಡಿನೋವಿನವಳು, ಚಳಿಗಾಲದಲ್ಲೂ ತಣ್ಣೀರನ್ನೇ ಸುರಿದುಕೊಳ್ಳುತ್ತಾಳಂತೆ. ಹಂಡೆಯನ್ನು ಅಟ್ಟಕ್ಕೆ ಹಾಕಿಸಿದ್ದಾಳೆ. ನನಗೆ ಇದರ ಮೇಲೆ ಬರುವ ಸಿಟ್ಟು ಅಷ್ಟಿಷ್ಟಲ್ಲ. ಫೋನ್ ಮಾಡಿ ಬೈದಿದ್ದೇನೆ. ನಿನ್ನಿಂದ ಆಗಿಲ್ಲ ಎಂದು ಡಾಕ್ಟರೇ ಹೇಳಿದರಲ್ಲ, ಯಾರನ್ನು ಉಳಿಸಲು ಈ ಶಿಕ್ಷೆ ಎಂದು ಕೇಳಿದ್ದೇನೆ. "ನನಗೆ ಸೆಕೆ ಕಣೆ" ಎನ್ನುತ್ತಾಳೆ. ಡಾಕ್ಟರ ಮಾತನ್ನು ನಾನು ನಂಬುತ್ತೇನೆ. ಆದರೆ ಅವ್ವನ ಮೇಲೆ ಸಿಟ್ಟು ಬಂದ ದಿನ, ಆ ಒಂದು ಹಂಡೆ ನೀರು ಇಲ್ಲದಿದ್ದರೆ ಎಂದು ನನಗೂ ಅನಿಸುತ್ತದೆ. ಹಾಗೆ ಅನಿಸಿದ್ದಕ್ಕೆ ಆಮೇಲೆ ಅಳುತ್ತೇನೆ.

ಈಗ ನ್ಯಾಮತಿಯಲ್ಲಿದ್ದೇನೆ. ಬಸುರಿನಲ್ಲಿ ನಿಲ್ಲಿಸಿದ್ದ ಔಷಧಿ ಮತ್ತೆ ಶುರುವಾಗಿದೆ. ಕೈ ಮುಕ್ಕಾಲು ಪಾಲು ವಾಪಸು ಬಂದಿದೆ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಜಡೆ ಹಾಕುತ್ತೇನೆ, ಗುಂಡಿ ಹಾಕುತ್ತೇನೆ. ಬಿಸಿಲೇರಿದಂತೆ ಲೋಟ ಹಿಡಿಯಲು ಎರಡು ಕೈ ಬೇಕಾಗುತ್ತವೆ. ಮಗಳಿಗೆ ಒಂದೂವರೆ ವರ್ಷ ದಾಟಿದೆ, ಮನೆ ತುಂಬ ಓಡುತ್ತಾಳೆ. ನಿಂತುಕೊಂಡು ನಾನು ಅವಳನ್ನು ಎತ್ತುವುದಿಲ್ಲ. ಎತ್ತಲು ಆಗುವುದೇ ಇಲ್ಲ ಎಂದಲ್ಲ, ಬೆಳಗಿನ ಹೊತ್ತು ಆಗುತ್ತದೆ. ಆದರೆ ಎತ್ತಿಕೊಂಡ ಮೇಲೆ ಕೈ ಹೋದರೆ? ಆ ಪುಟ್ಟ ಕಾಲು ಹೊಟ್ಟೆಗೆ ಒದೆದದ್ದು ನೆನಪಾಗುತ್ತದೆ, ಚಾಚಿದ ಕೈ ಹಿಂದಕ್ಕೆ ಬರುತ್ತದೆ. ಅದಕ್ಕೇ ಗೋಡೆಗೆ ಒರಗಿ ನೆಲದ ಮೇಲೆ ಕೂತು, ಬಾ ಎಂದು ಮಡಿಲಿಗೆ ಕರೆಯುತ್ತೇನೆ. ಯಾರಾದರೂ ಕೇಳಿದರೆ ಸೊಂಟನೋವು ಎಂದು ಬಾಯಿ ಮುಚ್ಚಿಸುತ್ತೇನೆ. ಮಗು ಇದನ್ನೆಲ್ಲ ಎಲ್ಲಿ ಗಮನಿಸುತ್ತದೆ ಎಂದುಕೊಂಡಿದ್ದೆ.

ಮೊನ್ನೆ ಭಾನುವಾರ ಅವ್ವ ಬಂದಿದ್ದಳು. ಮಧ್ಯಾಹ್ನ, ಒಳ್ಳೆಯ ಬಿಸಿಲು. ಮಗಳು ಅಂಗಳದಲ್ಲಿ ಎಡವಿ ಬಿದ್ದು ಮಂಡಿ ತರಚಿಕೊಂಡು ಅಳುತ್ತ ಒಳಗೆ ಬಂದಳು. ಮೊದಲು ಎದುರಾದದ್ದು ಇವರು. ಎರಡೂ ಕೈ ಮೇಲಕ್ಕೆ ಎತ್ತಿ ನಿಂತಳು, ಎತ್ತಿಕೋ ಎಂದು. ಇವರ ಕೈಯೆಲ್ಲ ಗ್ರೀಸು, ಅಜ್ಜಿ ಹತ್ತಿರ ಹೋಗು ಎಂದರು. ಅವ್ವನ ಮುಂದೆ ಹೋಗಿ ಕೈ ಎತ್ತಿದಳು. ಅಷ್ಟರಲ್ಲಿ ಅಡುಗೆಮನೆಯಿಂದ ನಾನು ಬಂದೆ. ನನ್ನನ್ನು ಕಂಡದ್ದೇ ಅವ್ವನನ್ನು ಬಿಟ್ಟು ಓಡಿ ಬಂದಳು, ಏನೇ ಆದರೂ ತಾಯಿಯೇ ಬೇಕು ಮಕ್ಕಳಿಗೆ. ನನ್ನ ಕಾಲ ಹತ್ತಿರ ಬಂದು ನಿಂತು, ಎತ್ತಿದ್ದ ಎರಡೂ ಕೈಗಳನ್ನು ಇಳಿಸಿಕೊಂಡಳು. ಇಳಿಸಿಕೊಂಡು ನೆಲದ ಮೇಲೆ ಕೂತಳು. ಅಳುವನ್ನು ತಡೆದುಕೊಂಡು, ತಲೆ ಎತ್ತಿ ನನ್ನನ್ನು ನೋಡುತ್ತ, ನಾನು ಕೂರುವುದನ್ನೇ ಕಾಯತೊಡಗಿದಳು.